ಸೈಲೆನ್ಸರ್ ಕಳಚಿದ ಕಾರು, ಬಸ್ಸು ಹತ್ತಿದ ಅವ್ವ

ನನಗೊಂದು ಕೆಟ್ಟ ಚಾಳಿಯಿದೆ. ಯಾರ ಮನೆಯ ಮುಂದಾದರೂ ಕಾರು ನಿಂತಿದ್ದರೆ ಅದರ ಹಿಂದೆ ಹೋಗಿ, ಅತ್ತಿತ್ತ ನೋಡಿ, ಹೊಗೆ ಕೊಳವೆಯ ಬಾಯಿಗೆ ತೋರುಬೆರಳು ಹಾಕಿ ತಿರುವಿ, ಬೆರಳಿಗೆ ಅಂಟಿದ ಮಸಿಯ ಬಣ್ಣ ನೋಡುತ್ತೇನೆ. ಬೂದಿಗಂದು ಬಣ್ಣವಿದ್ದರೆ ಸಮಾಧಾನ. ಕಾಡಿಗೆಯ ಹಾಗೆ ಕಪ್ಪಗಿದ್ದರೆ, ಈ ಮನೆಯವರಿಗೆ ಯಾರಾದರೂ ಹೇಳಬೇಕಲ್ಲ ಎಂದು ಚಡಪಡಿಕೆ. ಬೀಗರು ಹೊಸ ಕಾರು ಕೊಂಡು ತೋರಿಸಲು ಕರೆದರೆ, ಎಲ್ಲರೂ ಮುಂದಿನ ಬಾಗಿಲು ತೆಗೆದು ಸೀಟು ಒತ್ತಿ ನೋಡುತ್ತಿರುವಾಗ ನಾನು ಹಿಂದೆ ಕುಕ್ಕರಗಾಲಲ್ಲಿ ಕೂತಿರುತ್ತೇನೆ. ನನ್ನ ಹೆಂಡತಿ ಮೊದಮೊದಲು ಇದನ್ನು ಮುಚ್ಚಿಡಲು ನೋಡಿದಳು. ಈಗ ಕೈಬಿಟ್ಟಿದ್ದಾಳೆ. "ಅವ್ರದು ಅದೊಂದು ಹಂಗ ಅದರೀ, ನೀವು ಚಹಾ ತಗೊಳ್ರಿ" ಎಂದು ಬೀಗತಿಗೆ ಹೇಳುತ್ತಾಳೆ, ಮನೆಯ ಮುದಿ ನಾಯಿಯೊಂದರ ಬಗ್ಗೆ ಹೇಳಿದಂತೆ.

ಈಗಿನ ಕಾರುಗಳಲ್ಲಿ ಗಾಳಿ ಎಷ್ಟು, ಪೆಟ್ರೋಲ್ ಎಷ್ಟು ಎನ್ನುವುದನ್ನೆಲ್ಲ ಒಳಗೆ ಕೂತ ಕಂಪ್ಯೂಟರೇ ನೋಡಿಕೊಳ್ಳುತ್ತದಂತೆ. ಕೇಳಿ ಸಂತೋಷವೇ ಆಯಿತು. ಆದರೂ ಬೆರಳು ಕೇಳಬೇಕಲ್ಲ. ನನ್ನ ಪಾಲಿಗೆ ಈ ಚಾಳಿ ಸ್ವಯಾರ್ಜಿತವಲ್ಲ, ಪಿತ್ರಾರ್ಜಿತ. ಅಪ್ಪನಿಂದ ಬಂದದ್ದು. ಅಪ್ಪನಿಗೆ ಹೇಗೆ ಬಂತು ಎಂದರೆ, ಅದು ಅವ್ವನ ಸಿಟ್ಟಿನಿಂದ ಬಂದದ್ದು.

ಮಾನ್ವಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ ಇತ್ತು. ಕಾಲುವೆಯ ನೀರು ಬಂದು ಜೋಳದ ಹೊಲಗಳು ಗದ್ದೆಗಳಾದ ಮೇಲೆ ಊರ ಸುತ್ತ ಎದ್ದ ಗಿರಣಿಗಳಲ್ಲಿ ಅದೂ ಒಂದು. ದೊಡ್ಡ ಡೀಸೆಲ್ ಎಂಜಿನ್ನು, ಅದರ ತಲೆಯಿಂದ ಆಕಾಶಕ್ಕೆ ಎದ್ದ ಹೊಗೆ ಕೊಳವೆ. ಅದರ ಟುಕ್ ಟುಕ್ ಸದ್ದಿನಲ್ಲೇ ನಾನು ಹುಟ್ಟಿ ಬೆಳೆದೆ. ಅಮಾವಾಸ್ಯೆಯ ದಿನ ಎಂಜಿನ್ನಿಗೆ ಪೂಜೆ ಮಾಡಿ ರಜೆ ಕೊಟ್ಟರೆ, ಮಧ್ಯಾಹ್ನ ಮಲಗಿದ ಓಣಿಯ ಕೂಸುಗಳೆಲ್ಲ ಸದ್ದಿಲ್ಲದ್ದಕ್ಕೇ ಎಚ್ಚರಗೊಂಡು ಅಳುತ್ತಿದ್ದವು. ಆ ಎಂಜಿನ್ನನ್ನು ನೋಡಿಕೊಳ್ಳುತ್ತಿದ್ದವನು ಈರಣ್ಣ. ಅವನಿಗೂ ಅಪ್ಪನಿಗೂ ಸೇರಿ ಒಂದೇ ಒಂದು ಶಾಸ್ತ್ರ ಗೊತ್ತಿತ್ತು: ಹೊಗೆ ಬರಬಾರದು. ಕೊಳವೆಯಿಂದ ಕರಿ ಹೊಗೆ ಬಂತೆಂದರೆ ಎಣ್ಣೆ ಹೆಚ್ಚಾಗಿದೆ, ಕಡಿಮೆ ಮಾಡು. ಹೊಗೆ ಕಾಣದೆ ಗಾಳಿಯಷ್ಟೇ ನಡುಗುತ್ತಿದ್ದರೆ ಅದು ಒಳ್ಳೆಯ ಎಂಜಿನ್ನು.

"ಹೊಗಿ ಬಿಡೋ ಎಂಜಿನ್ನು, ಹೊಗಿ ಬಿಡೋ ಒಲಿ, ಎರಡೂ ಮನಿಗೆ ಒಳ್ಳೇವಲ್ಲ" ಎಂದು ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತೂ ಉಪದೇಶ ಮಾಡುತ್ತಿದ್ದರು. ಅವ್ವ ಊದುಗೊಳವೆ ಎತ್ತಿ ಅವರ ಕಡೆ ಚಾಚಿ, "ಬರ್ರಿ, ನೀವ ಊದ್ರಿ" ಎನ್ನುತ್ತಿದ್ದಳು. ಅಪ್ಪ ಗಿರಣಿಗೆ ಹೋಗುತ್ತಿದ್ದರು.

ಎಪ್ಪತ್ತರ ದಶಕದ ನಡುವಿನಲ್ಲಿ ಎಲ್ಲೋ ಅಪ್ಪ ಒಂದು ಹಳೆಯ ಅಂಬಾಸಿಡರ್ ಕಾರು ತಂದರು. ಕೆನೆ ಬಣ್ಣದ್ದು. ಅದರ ಮುಂದಿನ ಸೀಟು ಅವ್ವನದು. ಅವ್ವನ ತವರು ದೇವದುರ್ಗ. ಅಲ್ಲಿಗೆ ಹೊರಟಳೆಂದರೆ ತಲೆ ತುಂಬ ಸೆರಗು ಹೊದ್ದು, ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು, ಗದ್ದ ತುಸು ಮೇಲೆತ್ತಿ ಕೂರುತ್ತಿದ್ದಳು. ದಾರಿಯಲ್ಲಿ ಅರಕೇರಾದ ಹೋಟೆಲಿನ ಮುಂದೆ ಕಾರು ನಿಲ್ಲಲೇಬೇಕು. ಅವ್ವ ಇಳಿಯುತ್ತಿರಲಿಲ್ಲ. ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ಭಜಿ ಇದ್ದ ತಟ್ಟೆಯೇ ಕಾರಿನ ಕಿಟಕಿಗೆ ಬರುತ್ತಿತ್ತು. ಜೀವಮಾನದಲ್ಲಿ ಅವ್ವ ಮಾಡಿದ ದೊಡ್ಡ ಶೋಕಿ ಅದೊಂದೇ ಎಂದು ನನಗನಿಸುತ್ತದೆ. ಅದನ್ನು ಅವಳು ಮನಸ್ಸು ಬಿಚ್ಚಿ ಮಾಡುತ್ತಿದ್ದಳು, ಮೆಣಸಿನಕಾಯಿಯ ತೊಟ್ಟನ್ನು ಕಿಟಕಿಯಿಂದ ಎಸೆಯುವುದೂ ಸೇರಿ.

ಕೆಟ್ಟದ್ದು ಶುರುವಾದದ್ದು ಚೀಕಲಪರ್ವಿಯಲ್ಲಿ. ಹೊಳೆ ಸ್ನಾನಕ್ಕೆಂದು ಮನೆಮಂದಿಯೆಲ್ಲ ಹೋಗಿ ತಿರುಗಿ ಬರುವಾಗ, ತುಕ್ಕು ಹಿಡಿದಿದ್ದ ಸೈಲೆನ್ಸರ್ ಕಳಚಿ ರಸ್ತೆಗೆ ಬಿತ್ತು. ಅಪ್ಪ ಇಳಿದು ಅದನ್ನು ಎತ್ತಿ ತಂದು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಮಲಗಿಸಿದರು. ಒದ್ದೆ ಬಟ್ಟೆಯ ಗಂಟು, ಸುಡುವ ಸೈಲೆನ್ಸರ್, ನಡುವೆ ನಾನು. ಮನೆ ಮುಟ್ಟುವ ಹೊತ್ತಿಗೆ ಒಂದು ಪಂಚೆ ಸುಟ್ಟಿತ್ತು.

ಬೇರೆಯವರಾಗಿದ್ದರೆ ರಾಯಚೂರಿಗೆ ಹೋಗಿ ಹೊಸ ಸೈಲೆನ್ಸರ್ ಹಾಕಿಸುತ್ತಿದ್ದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಗಿರಣಿಯ ಮೂಲೆಯಲ್ಲಿ ಎಂಜಿನ್ನಿನ ಹಳೆಯ ಹೊಗೆ ಕೊಳವೆಯ ತುಂಡೊಂದು ಬಿದ್ದಿತ್ತು. ಅಪ್ಪನೂ ಈರಣ್ಣನೂ ಅದನ್ನು ನೋಡಿದರು, ಮುಖ ಮುಖ ನೋಡಿಕೊಂಡರು.

"ಎಂಜಿನ್ನಿಗೆ ಗಂಟಲಾ ದೊಡ್ಡದಿದ್ದಷ್ಟು ಚಲೋರಿ ಯಜಮಾನ್ರ" ಎಂದ ಈರಣ್ಣ. "ಆ ಡಬ್ಬಿ ಅದರ ಉಸುರು ಕಟ್ಟಿಸಿತ್ತು."

ಹೀಗೆ ಅಕ್ಕಿ ಗಿರಣಿಯ ಕೊಳವೆ ನಮ್ಮ ಕಾರಿನ ಹೊಟ್ಟೆಯ ಕೆಳಗೆ ಸೇರಿತು. ಸ್ಟಾರ್ಟ್ ಮಾಡಿದಾಗ ಎದುರಿನ ಮನೆಯ ಎಮ್ಮೆ ಗೂಟ ಕಿತ್ತುಕೊಂಡಿತು. ಅಪ್ಪನ ಮುಖದಲ್ಲಿ ಕಂಡ ಸಂತೋಷವನ್ನು ನಾನು ಆಮೇಲೆ ನನ್ನ ಡಿಗ್ರಿ ಫಲಿತಾಂಶ ಬಂದಾಗಲೂ ಕಾಣಲಿಲ್ಲ.

ಆದರೆ ವಾರದೊಳಗೇ ಹೊಸ ರೋಗ ಕಾಣಿಸಿತು. ಓಡುತ್ತಿರುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಹಿಂದಿನಿಂದ ಢಬ್ ಎಂದು ಸಿಡಿಯುತ್ತಿತ್ತು. ಏರು ಬಂದರೆ ಏದುಸಿರು. ಗಿರಣಿಯ ಶಾಸ್ತ್ರದಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿತ್ತು. ಸಿಡಿಯುತ್ತದೆ ಎಂದರೆ ಸುಡದ ಎಣ್ಣೆ ಉಳಿದಿದೆ. ಉಳಿದಿದೆ ಎಂದರೆ ಹೆಚ್ಚಾಗಿದೆ. ಹೆಚ್ಚಾಗಿದ್ದರೆ ಕಡಿಮೆ ಮಾಡು. ಕಾರ್ಬುರೇಟರಿನ ಕೆಳಗೆ ಒಂದು ನಟ್ಟು ಇರುತ್ತದೆ. ಒಂದು ಕಡೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚು, ಇನ್ನೊಂದು ಕಡೆ ತಿರುಗಿಸಿದರೆ ಕಡಿಮೆ. ಅಪ್ಪ ಕಡಿಮೆಯ ಕಡೆ ತಿರುಗಿಸಿದರು. ಹೊಗೆ ಪೂರ್ತಿ ನಿಂತಿತು. ಅಪ್ಪ ಹಿಗ್ಗಿದರು. ಢಬ್ ಮಾತ್ರ ಮೊದಲಿಗಿಂತ ಜೋರಾಯಿತು.

ಆ ಹೊತ್ತಿಗೆ ದೇವದುರ್ಗದಲ್ಲಿ ಚಿಗವ್ವನ, ಅಂದರೆ ಅವ್ವನ ತಂಗಿಯ, ಮದುವೆ ಬಂತು. ಬೀಗರ ದಿಬ್ಬಣ ಓಣಿಯ ತಿರುವಿಗೆ ಬಂದ ಕೂಡಲೇ ಒಬ್ಬ ಪಟಾಕಿ ಹಾರಿಸಬೇಕು, ಅದು ಕೇಳಿದ ಕೂಡಲೇ ಬ್ಯಾಂಡಿನವರು ಬಾರಿಸಬೇಕು, ಹೆಂಗಸರು ಆರತಿ ಹಿಡಿದು ಹೊರಬರಬೇಕು. ಸೋದರಮಾವ ಎಲ್ಲರಿಗೂ ಗಿಣಿಗೆ ಹೇಳಿದಂತೆ ಹೇಳಿ ನಿಲ್ಲಿಸಿದ್ದ. ಅದೇ ತಿರುವಿನಲ್ಲಿ ಅಪ್ಪ ಕಾರಿನ ವೇಗ ಇಳಿಸಿದರು. ಢಬ್.

ಬ್ಯಾಂಡು ಶುರುವಾಯಿತು. ಕೊಂಬು ಕಹಳೆಗಳ ನಡುವೆ ನಮ್ಮ ಕಾರು ಹಂದರದ ಮುಂದೆ ಬಂದು ನಿಂತಿತು. ಬಾಗಿಲು ತೆಗೆಯುವ ಮೊದಲೇ ಆರತಿ ತಟ್ಟೆಗಳು ಕಿಟಕಿಗೆ ಬಂದವು. ಮುಂಚೂಣಿಯಲ್ಲಿ ಅಜ್ಜಿ. ಅವಳಿಗೆ ಕಣ್ಣು ಅಷ್ಟಕ್ಕಷ್ಟೆ. ಅಪ್ಪನ ಹಣೆಗೆ ಕುಂಕುಮ ಹಚ್ಚಿ, ಅಕ್ಷತೆ ಹಾಕಿ, ಆರತಿ ಅರ್ಧ ಎತ್ತಿದ ಮೇಲೆ ಯಾರೋ ಕಿವಿಯಲ್ಲಿ ಹೇಳಿದರು. ಅಜ್ಜಿ ಕೈ ನಿಲ್ಲಿಸಲಿಲ್ಲ.

"ಇವನೂ ಅಳಿಯನ ಅಲ್ಲೇನು? ಹಚ್ಚಿದ ಆರತಿ ಹಂಗ ಆರಿಸಬಾರದು" ಎಂದು ಪೂರ್ತಿ ಮಾಡಿಯೇ ಬಿಟ್ಟಳು.

ಇಡೀ ಹಂದರ ನಗೆಯಿಂದ ಅಲುಗಾಡಿತು. ಪಕ್ಕದ ಸೀಟಿನಲ್ಲಿ ಅವ್ವ ಸೆರಗನ್ನು ಮೂಗಿನ ತನಕ ಎಳೆದುಕೊಂಡು ಕೂತಿದ್ದಳು. "ಅಕ್ಕಾ, ಎರಡನೇ ಲಗ್ನ ಚಲೋ ಆತು ಬಿಡು" ಎಂದ ಸೋದರಮಾವ. ಆ ಮಾತನ್ನು ಅವನು ಊಟದ ಹೊತ್ತಿನಲ್ಲಿ ಹೇಳಿದ, ಅಕ್ಷತೆಯ ಹೊತ್ತಿನಲ್ಲಿ ಹೇಳಿದ, ಬೀಗರಿಗೂ ಕರೆದು ಹೇಳಿದ.

ಮಾನ್ವಿಗೆ ಬಂದು ಇಳಿದಾಗ ಅವ್ವ ಕಾರಿನ ಬಾಗಿಲನ್ನು ಬಹಳ ಮೆಲ್ಲಗೆ ಮುಚ್ಚಿದಳು. ಜೋರಾಗಿ ಬಡಿದಿದ್ದರೆ ಅಪ್ಪನಿಗೆ ಧೈರ್ಯ ಉಳಿಯುತ್ತಿತ್ತು.

"ಇನ್ನ ನಾ ಇದರಾಗ ಕೂಡಂಗಿಲ್ಲ. ನೀವು ಕಾರಿನಾಗ ಬರ್ರಿ, ನಾ ಬಸ್ಸಿನಾಗ ಬರ್ತೀನಿ."

ಹಾಗೆಯೇ ಆಯಿತು. ಆಮೇಲೆ ದೇವದುರ್ಗಕ್ಕೆ ಹೋಗುವುದಿದ್ದಾಗಲೆಲ್ಲ ಅವ್ವ ಕೆಂಪು ಬಸ್ಸಿನಲ್ಲಿ ಮುಂದೆ, ಅಪ್ಪ ಕಾರಿನಲ್ಲಿ ಹಿಂದೆ. ಬಸ್ಸು ನಿಂತ ಕಡೆ ಕಾರು ನಿಲ್ಲುತ್ತಿತ್ತು, ನಿಲ್ಲುವಾಗ ಢಬ್ ಎನ್ನುತ್ತಿತ್ತು. ಬಸ್ಸಿನ ಕಂಡಕ್ಟರಿಗೆ ಅದು ಸೀಟಿಯ ಬದಲಿಗೆ ಬಂದ ಸೌಕರ್ಯದಂತೆ ಕಾಣುತ್ತಿತ್ತೇನೋ, ನಗುತ್ತಿದ್ದ. ಅಪ್ಪನ ಪಕ್ಕದ ಸೀಟಿನಲ್ಲಿ ಈಗ ನಾನು. ಆದರೆ ಅರಕೇರಾದಲ್ಲಿ ಕಿಟಕಿಗೆ ತಟ್ಟೆ ಬಂದರೆ ಅಪ್ಪ ತಿನ್ನುತ್ತಿರಲಿಲ್ಲ. ಮುಂದೆ ನಿಂತ ಬಸ್ಸನ್ನೇ ನೋಡುತ್ತಿದ್ದರು. ಎರಡು ತಟ್ಟೆಯ ಮಿರ್ಚಿ ನಾನೊಬ್ಬನೇ ತಿಂದು ಹೊಟ್ಟೆ ಕೆಡಿಸಿಕೊಂಡದ್ದುಂಟು.

ಹೀಗಿರುವಾಗ ಚಿಗವ್ವನಿಗೆ ಏಳು ತಿಂಗಳಾಗಿ, ಕುಬುಸದ, ಅಂದರೆ ಸೀಮಂತದ, ದಿನ ಗೊತ್ತಾಯಿತು. ಅಕ್ಕನಾದ ಅವ್ವ ಹಸಿರು ಸೀರೆ, ಬಳೆ, ಉಂಡೆಗಳ ಬುಟ್ಟಿ ಹೊತ್ತು ಹೋಗಬೇಕು. "ಕುಬುಸದ ಬುಟ್ಟಿ ಬಸ್ಸಿನಾಗ ಒಯ್ತಾರೇನು?" ಎಂದು ಅಪ್ಪ ಅಳುಕುತ್ತಲೇ ಕೇಳಿದರು. ಅವ್ವ ಉಂಡೆ ಕಟ್ಟುತ್ತಲೇ, "ಬ್ಯಾಂಡ್ ಹಚ್ಚಿಕೊಂಡೂ ಒಯ್ಯಂಗಿಲ್ಲ" ಎಂದಳು. ಕುಬುಸದ ದಿನದೊಳಗೆ ಅವ್ವನನ್ನು ತಿರುಗಿ ಮುಂದಿನ ಸೀಟಿಗೆ ತರಬೇಕು. ಅಪ್ಪನಿಗೆ ಆಗ ಇದ್ದದ್ದು ಅದೊಂದೇ ಚಿಂತೆ.

ನಾನಾಗ ರಾಯಚೂರಿನ ಹಾಸ್ಟೆಲಿನಲ್ಲಿದ್ದು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ನನಗೆ ಗೊತ್ತಿಲ್ಲದ್ದು ಪ್ರಪಂಚದಲ್ಲಿ ಕಡಿಮೆ ಎಂದು ನಂಬಿದ್ದ ವಯಸ್ಸು. ಬಾನೆಟ್ ಎತ್ತಿ ನಿಂತ ಅಪ್ಪನಿಗೆ ಗಂಭೀರವಾಗಿ ಹೇಳಿದೆ: "ಅಪ್ಪಾ, ತೂಕದಾಗ ಹದಿನೈದು ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಇರಬೇಕು. ಅದು ಲೆಕ್ಕ."

ಅಪ್ಪ ನನ್ನನ್ನು ಒಂದು ಗಳಿಗೆ ನೋಡಿದರು. "ಗಾಳಿ ಹ್ಯಾಂಗ ತೂಗ್ತೀಯೋ ತಮ್ಮಾ? ನಮ್ಮ ಗಿರಣಿ ತಕ್ಕಡಿ ಸಾಕಾಗ್ತದೇನು, ಚೀಲದಾಗ ತುಂಬಬೇಕೇನು?"

ಈರಣ್ಣ ನಗು ತಡೆಯಲು ಸ್ಟೆಪ್ನಿಯ ಹಿಂದೆ ಹೋದ. ಕಡೆಗೆ ಅಪ್ಪನೂ ನಾನೂ ಕಾರನ್ನು ರಾಯಚೂರಿಗೆ ಒಯ್ದೆವು. ಅಲ್ಲಿ ಸ್ಟೇಷನ್ನಿನ ಹತ್ತಿರ ಖಾಜಾಸಾಬ್ ಎಂಬ ಉಸ್ತಾದನ ಗ್ಯಾರೇಜಿತ್ತು. ಕಾರ್ಬುರೇಟರ್ ಅವನ ಖಾಸ್ ವಿದ್ಯೆ. ವಿನಯ ಅವನ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಪಾನ್ ಬಾಯಿಗೆ ಹಾಕದೆ ಸ್ಪಾನರ್ ಮುಟ್ಟುತ್ತಿರಲಿಲ್ಲ. ಹಿಂದೊಮ್ಮೆ ನವಾಬರೊಬ್ಬರ ಕಾರು ರಿಪೇರಿ ಮಾಡಿದ ಕಥೆ ಹೇಳದೆ ಬಾನೆಟ್ ಎತ್ತುತ್ತಿರಲಿಲ್ಲ. ಯಾವ ನವಾಬ ಎಂದರೆ ಪ್ರತಿ ಸಲವೂ ಬೇರೆ ಹೆಸರು.

ಕಥೆ ಮುಗಿಸಿ ಅವನು ಕಾರಿನ ಕೆಳಗೆ ಬಗ್ಗಿ ನೋಡಿದ. ಹಾಗೆಯೇ ನೆಲಕ್ಕೆ ಕೂತು ನಕ್ಕ.

"ಅರೇ ಸಾಹುಕಾರ್, ಇದರಾಗ ಭತ್ತ ಕುಟ್ಟಿಸ್ತೀರೇನು?"

ಆಮೇಲೆ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಅಪ್ಪನ ಕಣ್ಣ ಮುಂದೆ ಹಿಡಿದ. ಅದರ ತುದಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. "ನೋಡ್ರಿ, ಗಾಡಿ ಉಪವಾಸ ಅದ. ಮೊದಲ ಸಣ್ಣ ಮೂಗಿನಾಗ ಉಸುರು ಬಿಡ್ತಿತ್ತು. ನೀವು ದೊಡ್ಡ ಪೈಪ್ ಹಾಕಿದ್ರಿ, ಈಗ ಗಾಳಿ ಜಾಸ್ತಿ ಎಳಕೊಳ್ಳಾಕತ್ತದ. ಗಾಳಿ ಜಾಸ್ತಿ ಆದ್ರ ಪೆಟ್ರೋಲೂ ಜಾಸ್ತಿ ಬೇಕಲ್ಲ? ನೀವು ಉಲ್ಟಾ ಅದರ ತಾಟಿನಾಗಿಂದ ಊಟಾನ ಕಸಗೊಂಡೀರಿ."

"ಹೊಗಿ ಬರ್ತದಲ್ಲೋ ಮಾರಾಯಾ" ಎಂದರು ಅಪ್ಪ. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು.

"ಮುಂಜಾನಿ ಎಬ್ಬಿಸಿದಾಗ ಚೂರು ಬರ್ತದ. ಮನಷ್ಯಾ ಎದ್ದಕೂಡ್ಲೇ ಕೆಮ್ಮಂಗಿಲ್ಲೇನು? ಅಷ್ಟು ಅದರ ಹಕ್ಕು."

ಗಿರಣಿಯ ಕೊಳವೆ ಬಿಟ್ಟುಕೊಡಲು ಅಪ್ಪ ಒಪ್ಪಲಿಲ್ಲ. ಖಾಜಾಸಾಬ್ ಅದಕ್ಕೂ ದಾರಿ ಹುಡುಕಿದ. ಕೊಳವೆಯ ನಡುವಿನ ಭಾಗಕ್ಕೆ ತುಂಬ ತೂತು ಕೊರೆದು, ಮೇಲೊಂದು ತಗಡಿನ ಡಬ್ಬಿ ಮುಚ್ಚಿ, ನಡುವೆ ಲೇಥ್ ಅಂಗಡಿಯಿಂದ ತಂದ ಕಬ್ಬಿಣದ ಸುರುಳಿಗಳನ್ನು ಒತ್ತಿ ತುಂಬಿದ. ಉಸಿರು ಹಾಗೆಯೇ ಉಳಿಯಿತು, ದನಿ ತಗ್ಗಿತು. ಗಾಳಿ ಸೋರುತ್ತಿದ್ದ ಜೋಡಣೆಗಳನ್ನು ಬಿಗಿ ಮಾಡಿದ. ಆಮೇಲೆ ಕಾರ್ಬುರೇಟರಿನ ನಟ್ಟನ್ನು ಹೆಚ್ಚಿನ ಕಡೆಗೆ ಚೂರು ತಿರುಗಿಸುವುದು, ಲಿಂಗಸೂಗೂರು ರಸ್ತೆಯಲ್ಲಿ ಜೋರಾಗಿ ಓಡಿಸುವುದು, ಗಕ್ಕನೆ ಎಂಜಿನ್ ನಿಲ್ಲಿಸಿ ಪ್ಲಗ್ ಬಿಚ್ಚಿ ಬಣ್ಣ ನೋಡುವುದು, ಮತ್ತೆ ಚೂರು ತಿರುಗಿಸುವುದು. ಬಿಳಿಯ ಪ್ಲಗ್ ಮೆಲ್ಲಗೆ ಹಳದಿಯಾಗಿ, ಹಾಲು ಕಡಿಮೆ ಹಾಕಿದ ಚಹಾದ ಬಣ್ಣಕ್ಕೆ ಬಂದಾಗ, "ಬಸ್, ಇನ್ನ ಮುಟ್ಟಬ್ಯಾಡ್ರಿ" ಎಂದ. ಕಾರು ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತಿತ್ತು.

ಆದರೆ ಹುಟ್ಟುಗುಣ ಎಲ್ಲಿ ಹೋಗಬೇಕು? ಮರುದಿನ ಮುಂಜಾನೆ ಕಾರು ಸ್ಟಾರ್ಟ್ ಮಾಡಿದಾಗ ಒಂದು ಹಿಡಿಯಷ್ಟು ಕಪ್ಪು ಹೊಗೆ ಬಂತು. ಅಪ್ಪ ಕೊಳವೆಯ ಬಾಯಿಗೆ ಬೆರಳು ಹಾಕಿ ನೋಡಿಕೊಂಡರು. ಸುತ್ತ ನೋಡಿದರು. ನಟ್ಟನ್ನು ಒಂದೇ ಒಂದು ಎಳೆ ಕಡಿಮೆಯ ಕಡೆ ತಿರುಗಿಸಿದರು. ಹೊಗೆ ಇನ್ನೂ ಕಂಡಿತು. ಇನ್ನೊಂದು ಎಳೆ. ಸಂಜೆ ಬಜಾರಿನಿಂದ ಬಂದು ಮನೆಯ ಮುಂದೆ ವೇಗ ಇಳಿಸಿದರು. ಡಬ್ಬಿಯೊಳಗಿಂದ, ಕಂಬಳಿ ಹೊದ್ದವನು ಸೀನಿದಂತೆ, ಢುಬ್ ಎಂದಿತು. ಅವ್ವ ಒಳಗಿನಿಂದಲೇ ನನಗೆ ಹೇಳಿದಳು, "ತಮ್ಮಾ, ದೇವದುರ್ಗದ ಬಸ್ಸು ಎಷ್ಟಕ್ಕದ ಕೇಳಿಕೊಂಡು ಬಾ."

ಎರಡನೇ ಸಲ ಹೋದಾಗ ಖಾಜಾಸಾಬ್ ಪಾನ್ ಹಾಕಲಿಲ್ಲ, ನವಾಬನ ಕಥೆಯನ್ನೂ ಹೇಳಲಿಲ್ಲ. "ಇನ್ನೊಮ್ಮಿ ಮುಟ್ಟಿದ್ರ ನಟ್ಟಿಗೆ ಬೆಸುಗೆ ಹಾಕಿಬಿಡ್ತೀನಿ ಸಾಹುಕಾರ್" ಎಂದಷ್ಟೇ ಹೇಳಿ ಮತ್ತೆ ಮೊದಲಿನಿಂದ ಹೊಂದಿಸಿದ. ತಿರುಗಿ ಬರುವಾಗ ಅಪ್ಪ ಕಾಲುವೆಯ ಸೇತುವೆಯ ಹತ್ತಿರ ಕಾರು ನಿಲ್ಲಿಸಿದರು. ಡಿಕ್ಕಿ ತೆಗೆದು, ಆ ನಟ್ಟಿಗೆ ಹೊಂದುವ ಸ್ಪಾನರನ್ನು ಹುಡುಕಿ ನನ್ನ ಕೈಗಿಟ್ಟರು.

"ಇದನ್ನ ಒಯ್ದು ನಿನ್ನ ಹಾಸ್ಟೆಲಿನಾಗ ಇಟ್ಕೋ. ನಾ ಬೇಡಿದ್ರೂ ಕೊಡಬ್ಯಾಡ."

ಬೀಡಿ ಬಿಡುವವರು ಹೀಗೆ ಮಾಡುವುದನ್ನು ನೋಡಿದ್ದೆ. ಸ್ಪಾನರ್ ಬಿಡುವವರನ್ನು ಕಂಡದ್ದು ಅಂದೇ. ಮರುದಿನ ಮುಂಜಾನೆ ಹೊಗೆ ಬಂದಾಗ ಅಪ್ಪ ಎರಡೂ ಕೈ ಹಿಂದೆ ಕಟ್ಟಿಕೊಂಡು, ಪರರ ಮನೆಯ ಕೂಸು ರಂಪ ಮಾಡುವುದನ್ನು ನೋಡುವವರಂತೆ ಸುಮ್ಮನೆ ನೋಡುತ್ತ ನಿಂತರು. ನೋಡಿ ನನಗೆ ನಗು ಬಂತು. ಹೆಂಡತಿಯ ಮೇಲೆ ಇವರಿಗಿದ್ದ ಪ್ರೀತಿ ಇಷ್ಟು ಎಂದು ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿತ್ತೋ ಇಲ್ಲವೋ.

ಅವ್ವನಿಗೆ ನಂಬಿಕೆ ಬರಲಿಲ್ಲ. "ಇಲ್ಲಿ ಸುಮ್ಮನಿರ್ತದ, ಅಲ್ಲಿ ಹೋಗಿ ಢಬ್ ಅಂತದ. ನನಗ ಗೊತ್ತದ ಅದರ ಗುಣ" ಎಂದು ಕುಬುಸದ ದಿನ ಬುಟ್ಟಿ ಎತ್ತಿಕೊಂಡು ಬಸ್ಸಿಗೇ ನಡೆದಳು. ಅಂದು ಅವಳು ಕೂತದ್ದು ಬಸ್ಸಿನ ಕೊನೆಯ ಸೀಟಿನಲ್ಲಿ. ಎತ್ತಿ ಎತ್ತಿ ಒಗೆಯುವ ಆ ಸೀಟಿಗೆ ಬೇಕೆಂದು ಯಾರೂ ಹೋಗುವುದಿಲ್ಲ. ಅಪ್ಪ ಅದನ್ನು ನೋಡಿ ಇನ್ನಷ್ಟು ಕುಗ್ಗಿದರು. "ನೋಡು, ನನ್ನ ಮ್ಯಾಲಿನ ಸಿಟ್ಟಿಗೆ ಎಲ್ಲಿ ಕುಂತಾಳ" ಎಂದರು.

ಸಿರವಾರದಲ್ಲಿ ಬಸ್ಸು ನಿಂತಿತು. ನಾವೂ ನಿಂತೆವು. ಸದ್ದಿಲ್ಲ. ಮುಂದಿನ ಹಳ್ಳಿಯಲ್ಲಿ ನಿಂತಿತು. ಸದ್ದಿಲ್ಲ. ಹಿಂದಿನ ಗಾಜಿನಲ್ಲಿ ಅವ್ವನ ತಲೆ ನಮ್ಮ ಕಡೆಗೇ ತಿರುಗಿರುವುದನ್ನು ನಾನು ಆಗ ನೋಡಿದೆ. ಅವಳು ಸಿಟ್ಟಿಗೆ ಅಲ್ಲಿ ಕೂತಿರಲಿಲ್ಲ, ಕಾವಲಿಗೆ ಕೂತಿದ್ದಳು. ಮೈ ನುಗ್ಗಾಗುವಂತೆ ಕುಲುಕಿಸಿಕೊಂಡು, ಪ್ರತಿ ಸ್ಟಾಪಿನಲ್ಲೂ ಕಿವಿಗೊಟ್ಟು ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಳು. ಅಪ್ಪನಿಗೆ ಹೇಳಿದೆ. ಅಪ್ಪ ಸ್ಟೇರಿಂಗ್ ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಕೂತರು.

ಅರಕೇರಾದಲ್ಲಿ ಅವ್ವ ಬಸ್ಸಿನಿಂದ ಇಳಿದಳು. ಬುಟ್ಟಿ ಕಂಕುಳಲ್ಲಿಟ್ಟುಕೊಂಡು ನೇರ ಕಾರಿನ ಹತ್ತಿರ ಬಂದು ನನ್ನ ಬಾಗಿಲು ತೆಗೆದು, "ಲೇ, ಹಿಂದ ಹೋಗು" ಎಂದಳು. ನಾನು ಹಿಂದೆ ಹೋದೆ. ಹೋಟೆಲಿನವನು ಕೇಳದೆಯೇ ತಟ್ಟೆ ತಂದ. ಅಪ್ಪ ಎರಡು ಮಿರ್ಚಿ ಹೆಚ್ಚಿಗೆ ತಿಂದರು.

ದೇವದುರ್ಗದ ಓಣಿಯಲ್ಲಿ ಕಾರು ಗುಂಯ್ ಎಂದು ನುಸುಳಿ ಅಜ್ಜಿಯ ಮನೆಯ ಮುಂದೆ ನಿಂತಿತು. ಒಳಗೆ ಹೆಂಗಸರ ಸೋಬಾನೆ ಹಾಡು ಜೋರಾಗಿತ್ತು. ಯಾರೂ ಹೊರಗೆ ಬರಲಿಲ್ಲ. ಕುಬುಸದ ಬುಟ್ಟಿ ತಂದ ಮಗಳನ್ನು ತವರಿನವರು ಬಾಗಿಲಿಗೆ ಬಂದು, ಕಾಲಿಗೆ ನೀರು ಕೊಟ್ಟು ಕರೆದುಕೊಳ್ಳಬೇಕು. ತಾನಾಗಿ ಇಳಿದು ಒಳಗೆ ಹೋಗುವಂತಿಲ್ಲ. ಅವ್ವ ಸೆರಗು ಸರಿಮಾಡಿಕೊಂಡಳು. ಬುಟ್ಟಿ ಸರಿಮಾಡಿಕೊಂಡಳು. ಮತ್ತೆ ಸೆರಗು.

"ಯಾರೂ ಬರವಲ್ರು" ಎಂದಳು.

"ಗೊತ್ತಾಗಬಾರದು ಅಂತನ ಅಲ್ಲೇನು ಇಷ್ಟೆಲ್ಲಾ ಮಾಡಿದ್ದು?" ಎಂದರು ಅಪ್ಪ.

"ಊರಿಗೆ ಗೊತ್ತಾಗಬಾರದು ಅಂದಿದ್ದೆ. ನಮ್ಮವ್ವಗ ಗೊತ್ತಾಗಬ್ಯಾಡ ಅಂದಿದ್ದೆನೇನು?" ಎಂದ ಅವ್ವ ಸ್ವಲ್ಪ ತಡೆದು, ಕಿಟಕಿಯ ಕಡೆ ಮುಖ ಮಾಡಿಕೊಂಡು, "ಒಮ್ಮಿ ಢಬ್ ಅನಸ್ರಿ ನೋಡೋಣು" ಎಂದಳು.

ಅಪ್ಪ ಆಕ್ಸಿಲರೇಟರ್ ಒತ್ತಿ ಬಿಟ್ಟರು. ಎಂಜಿನ್ನು ಸಾಧುವಿನಂತೆ ಗುನುಗಿತು. ಇನ್ನೊಮ್ಮೆ ಒತ್ತಿ ಬಿಟ್ಟರು. ಏನೂ ಇಲ್ಲ. ಹಾರ್ನ್ ಕೆಟ್ಟು ಯಾವ ಕಾಲವಾಗಿತ್ತೋ. ಗಿರಣಿಯ ಕೊಳವೆ ಇದ್ದಷ್ಟು ದಿನ ಅದರ ಅಗತ್ಯವೇ ಬಿದ್ದಿರಲಿಲ್ಲ. "ಇನ್ನ ಅದು ಅನ್ನಂಗಿಲ್ಲ" ಎಂದರು ಅಪ್ಪ, ಹೆಮ್ಮೆಯೋ ಸಂಕಟವೋ ತಿಳಿಯದಂತೆ.

ಅವ್ವ ಬುಟ್ಟಿ ಹಿಡಿದು ಹಾಗೆಯೇ ಕೂತಿದ್ದಳು. ಅಪ್ಪ ಎಂಜಿನ್ ಆರಿಸಿ ಕೆಳಗಿಳಿದರು. ಅಳಿಯನಾದವನು ಮಾವನ ಮನೆಯ ಬಾಗಿಲಲ್ಲಿ ದನಿ ಎತ್ತುವುದು ನಮ್ಮಲ್ಲಿ ರೂಢಿಯಲ್ಲ. ಆ ಮನೆಯ ಕಟ್ಟೆಯ ಮೇಲೆ ಅಪ್ಪ ಅದುವರೆಗೆ 'ಹ್ಞೂಂ' ಎನ್ನುವುದಕ್ಕಿಂತ ಹೆಚ್ಚು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಮೆಟ್ಟಿಲ ಹತ್ತಿರ ನಿಂತು, ಓಡುವ ಎಂಜಿನ್ನಿನ ಮೇಲಿಂದ ಈರಣ್ಣನನ್ನು ಕೂಗುವ ದನಿಯಲ್ಲಿ ಕೂಗಿದರು:

"ಅತ್ತೀ, ನಿಮ್ಮ ಮಗಳು ಬಂದಾಳ್ರೀ. ಹೊರಗ ಬರ್ರಿ."

ಹಾಡು ನಿಂತಿತು. ಅಜ್ಜಿ ನೀರಿನ ತಂಬಿಗೆ ಹಿಡಿದು ಎಡವುತ್ತ ಬಂದಳು, ಹಿಂದೆ ಸೋದರಮಾವ, ಅವನ ಹಿಂದೆ ಹಸಿರು ಬಳೆ ತೊಟ್ಟ ಚಿಗವ್ವ, ಅವಳ ಹಿಂದೆ ಇಡೀ ಓಣಿಯ ಹೆಂಗಸರು. ಅಪ್ಪ ಸುತ್ತಿ ಬಂದು ಅವ್ವನ ಕಡೆಯ ಬಾಗಿಲು ತೆಗೆದು ಹಿಡಿದುಕೊಂಡರು.

"ಅಷ್ಟು ಜೋರು ಬ್ಯಾಡಾಗಿತ್ತು" ಎಂದಳು ಅವ್ವ ಮೆಲ್ಲಗೆ. ಆದರೆ ಇಳಿಯಲು ಅವಳು ಅವಸರ ಮಾಡಲಿಲ್ಲ.